ಸೈಕಲ್ಲಿನ ಹೆಡ್‌ಸೆಟ್: ಮನೆಯಲ್ಲೇ ಆರಿಸಿ, ಬಿಚ್ಚಿ, ಕೂರಿಸುವ ಬಗೆ

ಮುಂದಿನ ಬ್ರೇಕ್ ಹಿಡಿದ ತಕ್ಷಣ ಹ್ಯಾಂಡಲ್ ಬುಡದಲ್ಲಿ 'ಟಕ್' ಅಂತ ಸದ್ದು. ಹಂಪ್ ಹತ್ತಿಳಿದರೆ ಮತ್ತೆ 'ಟಕ್'. ಇಲ್ಲದಿದ್ದರೆ ಇನ್ನೊಂದು ಥರ: ಸೈಕಲ್ಲು ನೇರ ಹೋಗುವಾಗ ಹ್ಯಾಂಡಲ್ ನಡುವಿನ ಒಂದು ಗುಂಡಿಯಲ್ಲಿ ಕೂತ ಹಾಗೆ ಅನ್ನಿಸುತ್ತದೆ, ಸ್ವಲ್ಪ ತಿರುಗಿಸಿದರೆ ಅಲ್ಲಿಂದ ಎದ್ದು ಹೊರಬರುತ್ತದೆ. ಎರಡೂ ಹೆಡ್‌ಸೆಟ್ಟಿನ ದೂರುಗಳೇ.

ಫ್ರೇಮಿನ ಮುಂದೆ ಇರುವ ಗಿಡ್ಡ ಕೊಳವೆಗೆ ಹೆಡ್ ಟ್ಯೂಬ್ ಅಂತ ಹೆಸರು. ಅದರೊಳಗೆ ಫೋರ್ಕಿನ, ಅಂದರೆ ಮುಂದಿನ ಚಕ್ರವನ್ನು ಹಿಡಿಯುವ ಕವಲಿನ, ಉದ್ದ ಕೊಳವೆ ಹಾದುಹೋಗುತ್ತದೆ. ಅದು ಸ್ಟೀರರ್. ಎರಡರ ನಡುವೆ ಮೇಲೊಂದು, ಕೆಳಗೊಂದು ಬೇರಿಂಗ್. ಈ ಇಡೀ ಜೋಡಣೆಯೇ ಹೆಡ್‌ಸೆಟ್. ಹಳೇ ಸೈಕಲ್ ಶಾಪ್‌ಗಳಲ್ಲಿ 'ಕೋನ್ ಸೆಟ್' ಅಂದರೂ ಅರ್ಥವಾಗುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಸುತ್ತಿಗೆ ಕೊನೆಗೆ. ಹೆಡ್‌ಸೆಟ್ ಹೋಯಿತು ಅಂತ ಬರುವ ಎಷ್ಟೋ ಸೈಕಲ್ಲುಗಳಿಗೆ ಬೇಕಾಗಿದ್ದು ಅಲೆನ್ ಕೀಯ ಅರ್ಧ ಸುತ್ತು ಮಾತ್ರ. ಇನ್ನು ಕೆಲವಕ್ಕೆ ಬೇರಿಂಗ್ ಬದಲಿಸಿ ಗ್ರೀಸ್ ಹಾಕಿದರೆ ಸಾಕು. ಬೇರಿಂಗ್ ಕೂರಲೆಂದು ಫ್ರೇಮಿಗೆ ಬಿಗಿಯಾಗಿ ಕೂರಿಸಿದ ಬಟ್ಟಲುಗಳನ್ನು, ಅಂದರೆ ಕಪ್‌ಗಳನ್ನು, ಹೊಡೆದು ತೆಗೆಯುವ ಪ್ರಸಂಗ ಬರುವುದು ಕಡಿಮೆ.

ಮೊದಲು ಕಾಯಿಲೆ ಯಾವುದು ನೋಡಿ

ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಇನ್ನೊಂದು ಕೈಯ ಬೆರಳುಗಳನ್ನು ಹೆಡ್ ಟ್ಯೂಬಿನ ಕೆಳತುದಿಗೆ, ಫೋರ್ಕ್ ಸೇರುವ ಸಂದಿಗೆ ಅಡ್ಡಲಾಗಿ ಇಟ್ಟಿರಿ. ಅಲ್ಲಿ ಬೆರಳಿಗೆ ಅಲುಗಾಟ ಸಿಕ್ಕಿದರೆ ಹೆಡ್‌ಸೆಟ್ ಸಡಿಲ. ಬೆರಳಿಗೆ ಏನೂ ಸಿಗದೆ ಸೈಕಲ್ಲು ಮಾತ್ರ ಅಲ್ಲಾಡಿದರೆ ಬ್ರೇಕ್ ಪ್ಯಾಡ್, ಹಬ್ ಅಥವಾ ಸಸ್ಪೆನ್ಶನ್ ಫೋರ್ಕಿನ ಬುಶ್ ಕಡೆ ಅನುಮಾನಪಡಿ. ಹ್ಯಾಂಡಲ್ಲನ್ನು 90 ಡಿಗ್ರಿ ತಿರುಗಿಸಿ ಇನ್ನೊಮ್ಮೆ ಅಲ್ಲಾಡಿಸಿದರೆ ಇನ್ನೂ ಸ್ಪಷ್ಟ, ಏಕೆಂದರೆ ಆಗ ಬ್ರೇಕಿನ ಆಟ, ಅಂದರೆ ಸಡಿಲಿಕೆಯ ಅಲುಗಾಟ, ಅಷ್ಟಾಗಿ ಅಡ್ಡ ಬರುವುದಿಲ್ಲ.

ಆಮೇಲೆ ಮುಂದಿನ ಚಕ್ರ ನೆಲದಿಂದ ಎತ್ತಿ, ಹ್ಯಾಂಡಲ್ಲನ್ನು ಒಂದೇ ಬೆರಳಲ್ಲಿ ನಿಧಾನಕ್ಕೆ ತಿರುಗಿಸಿ. ತಾನಾಗಿ ಒಂದು ಕಡೆ ವಾಲಬೇಕು. ಮರಳು ಅರೆದ ಹಾಗೆ ಆದರೆ ಒಳಗೆ ತುಕ್ಕು ಅಥವಾ ಕೊಳೆ. ನಟ್ಟ ನಡುವೆ ಮಾತ್ರ ಸಿಕ್ಕಿಕೊಂಡರೆ ಬಾಲ್‌ಗಳು ಕೂರುವ ದಾರಿಯಲ್ಲಿ ಸಣ್ಣ ತಗ್ಗುಗಳಾಗಿವೆ. ಗುಂಡಿಗೆ ಬಿದ್ದು ಹಾಗಾಯಿತು ಅಂತ ಬಹಳ ಜನ ತಿಳಿದಿದ್ದಾರೆ. ನಿಜಕ್ಕೂ ಅದು ಸವೆತ. ನಾವು ಹೆಚ್ಚು ಹೊತ್ತು ಓಡಿಸುವುದು ನೇರಕ್ಕೆ, ಅಲ್ವಾ? ಬಾಲ್‌ಗಳು ಸುತ್ತೋದೇ ಇಲ್ಲ. ಇದ್ದಲ್ಲೇ ಸಣ್ಣಗೆ ನಡುಗುತ್ತಾ ನಡುವಿನ ಗ್ರೀಸನ್ನು ಪಕ್ಕಕ್ಕೆ ತಳ್ಳಿ, ಲೋಹಕ್ಕೆ ಲೋಹ ಉಜ್ಜಿ ತಗ್ಗು ಮಾಡುತ್ತವೆ. ಈ ತಗ್ಗನ್ನು ಬಿಗಿ ಮಾಡಿ ಸರಿಪಡಿಸಲು ಆಗುವುದಿಲ್ಲ. ಬಿಗಿದಷ್ಟೂ ಜಾಸ್ತಿ ಸಿಕ್ಕಿಕೊಳ್ಳುತ್ತದೆ.

ಕೆಳಗಿನ ಬೇರಿಂಗೇ ಮೊದಲು ಹೋಗುವುದು. ಭಾರವೂ ಅದಕ್ಕೇ, ಚಕ್ರ ಎರಚುವ ಕೆಸರು ನೀರೂ ಅದಕ್ಕೇ. ಮಲೆನಾಡಿನ ಒಂದು ಮಳೆಗಾಲ ಮಡ್‌ಗಾರ್ಡ್ ಇಲ್ಲದೆ ಓಡಿಸಿದ ಸೈಕಲ್ಲನ್ನು ಬಿಚ್ಚಿ ನೋಡಿದರೆ ಮೇಲಿನದು ಹೊಸದರಂತೆ ಇರುತ್ತದೆ, ಕೆಳಗಿನದು ಕಾಫಿ ಗಷ್ಟದ ಬಣ್ಣಕ್ಕೆ ತಿರುಗಿರುತ್ತದೆ.

ನಿಮ್ಮದು ಯಾವ ಜಾತಿ?

ಹ್ಯಾಂಡಲ್ ಹಿಡಿಯುವ ಸ್ಟೆಮ್ ನೋಡಿ. ಅದು ಸ್ಟೀರರ್ ಕೊಳವೆಯ ಒಳಗೆ ಇಳಿದಿದ್ದು, ಕೆಳಗೆ ಎರಡು ದೊಡ್ಡ ನಟ್ ಕಾಣಿಸಿದರೆ ಅದು ಥ್ರೆಡ್ (ತಿರುಪಿನ ಗೆರೆ) ಇರುವ ಹಳೇ ಮಾದರಿ. ಹಾಲು, ಪೇಪರ್ ಹಾಕುವ ರೋಡ್‌ಸ್ಟರ್ ಸೈಕಲ್ಲುಗಳಲ್ಲಿ, ಅನೇಕ ಅಗ್ಗದ ಸೈಕಲ್ಲುಗಳಲ್ಲಿ ಇದೇ. ಸ್ಟೆಮ್ ಸ್ಟೀರರನ್ನು ಹೊರಗಿನಿಂದ ಅಪ್ಪಿ ಹಿಡಿದು, ಪಕ್ಕದಲ್ಲಿ ಎರಡು ಅಲೆನ್ ಬೋಲ್ಟ್, ತಲೆಯ ಮೇಲೊಂದು ಮುಚ್ಚಳ ಇದ್ದರೆ ಥ್ರೆಡ್‌ಲೆಸ್. ಜಾನ್ ರೇಡರ್ ಎಂಬಾತ ಇದಕ್ಕೆ 1992ರಲ್ಲಿ ಅಮೆರಿಕದ ಪೇಟೆಂಟ್ ಪಡೆದ. ಎರಡು ದೊಡ್ಡ ಸ್ಪ್ಯಾನರ್ ಹೊತ್ತು ತಿರುಗುವ ಗೋಳು ಅಲ್ಲಿಂದ ತಪ್ಪಿತು.

ಥ್ರೆಡ್‌ಲೆಸ್‌ನಲ್ಲಿ ಮೂರು ಬಗೆ. ಹೆಡ್ ಟ್ಯೂಬಿನ ಹೊರಗೆ ಕಪ್ ಬಟ್ಟಲಿನಂತೆ ಎದ್ದು ಕಂಡರೆ ಹೊರಗಿನ ಕಪ್, ಅದರ ಗುರುತು 'ಇಸಿ'. ತೆಳ್ಳನೆಯ ಅಂಚು ಮಾತ್ರ ಕಂಡು, ಬೇರಿಂಗ್ ಫ್ರೇಮಿನ ಒಳಗೇ ಇದ್ದರೆ 'ಝಡ್‌ಎಸ್'. ಕಪ್ಪೇ ಇಲ್ಲದೆ ಬೇರಿಂಗ್ ನೇರವಾಗಿ ಫ್ರೇಮಿನಲ್ಲಿ ಕೂತಿದ್ದರೆ 'ಐಎಸ್'. ಈ ಕೊನೆಯದನ್ನು ಇಷ್ಟಪಡದ ಮೆಕ್ಯಾನಿಕ್‌ಗಳಿದ್ದಾರೆ, ಏಕೆಂದರೆ ಬೇರಿಂಗ್ ಕೂರುವ ಜಾಗ ಸವೆದರೆ ಸವೆಯುವುದು ಫ್ರೇಮೇ. ಆದರೆ ಮನೆಯಲ್ಲಿ ಕೆಲಸ ಮಾಡುವವರಿಗೆ ಇದರಷ್ಟು ಸುಲಭ ಬೇರೆ ಇಲ್ಲ. ಬೇರಿಂಗ್ ಕೈಯಲ್ಲೇ ಹೊರಬರುತ್ತದೆ.

ಹೆಡ್‌ಸೆಟ್ ಪೆಟ್ಟಿಗೆಯ ಮೇಲೆ 'ಇಸಿ34/28.6' ಥರದ ಬರಹ ಇರುತ್ತದೆ. ಅಕ್ಷರ ಬಗೆಯನ್ನು ಹೇಳುತ್ತದೆ. ಮೊದಲ ಅಂಕಿ ಕಪ್ ಕೂರುವ ರಂಧ್ರದ ಅಗಲ, ಮಿ.ಮೀ. ಲೆಕ್ಕದಲ್ಲಿ. ಓರೆಗೆರೆಯ ಆಚೆ, ಮೇಲಿನ ಭಾಗಕ್ಕೆ ಸ್ಟೀರರಿನ ಅಗಲ, ಕೆಳಗಿನ ಭಾಗಕ್ಕೆ ಕ್ರೌನ್ ರೇಸ್ ಕೂರುವ ಜಾಗದ ಅಗಲ. ಕ್ರೌನ್ ರೇಸ್ ಅಂದರೆ ಫೋರ್ಕಿನ ಬುಡಕ್ಕೆ ಹೊಡೆದು ಕೂರಿಸಿದ ಬಳೆ. 1⅛ ಇಂಚಿನ ಸಾಮಾನ್ಯ ಫೋರ್ಕಿಗೆ ಇದು ಮೇಲೆ 28.6, ಕೆಳಗೆ 30. ಕೆಳಗೆ ದಪ್ಪಗಾಗುವ ಟೇಪರ್ ಫೋರ್ಕ್ ಆದರೆ ಕೆಳಗಿನ ಅಂಕಿ ಸಾಮಾನ್ಯವಾಗಿ 40. ಮೇಲೆ ಒಂದು ಬಗೆ, ಕೆಳಗೆ ಇನ್ನೊಂದು ಬಗೆ ಇರುವುದೂ ಉಂಟು. ಹಾಗಾಗಿ ಎರಡನ್ನೂ ಬೇರೆ ಬೇರೆ ಅಳೆಯಿರಿ.

ಅಳೆಯಲು ವರ್ನಿಯರ್ ಕ್ಯಾಲಿಪರ್ ಬೇಕೇ ಬೇಕು. ಸಾಧಾರಣ ಡಿಜಿಟಲ್ ಒಂದು ಸಾವಿರ ರೂಪಾಯಿ ಒಳಗೆ ಸಿಗುತ್ತದೆ. ಸ್ಕೇಲು, ಟೇಪು ಯಾವುದೂ ನಡೆಯುವುದಿಲ್ಲ. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ನನ್ನ ಹೈಬ್ರಿಡ್ ಸೈಕಲ್ಲಿನ ಬೇರಿಂಗ್ ಸುಮಾರು 42 ಅಂತ ಟೇಪಿನಲ್ಲಿ ನೋಡಿ, ಆನ್‌ಲೈನ್‌ನಲ್ಲಿ ಹತ್ತಿರದ್ದು ಒಂದು ತರಿಸಿದೆ. ಬಂದದ್ದು 41. ನನಗೆ ಬೇಕಾಗಿದ್ದು 41.8. ಫ್ರೇಮಿನೊಳಗೆ ಇಟ್ಟೆ, ಸಲೀಸಾಗಿ ಇಳಿಯಿತು, ಖುಷಿಯೋ ಖುಷಿ. ಬೆರಳಿಟ್ಟು ಒತ್ತಿದರೆ ಒಳಗೇ ಲೊಡಲೊಡ. 0.8 ಮಿ.ಮೀ. ಅಂದರೆ ಎಂಟು ಹತ್ತು ಹಾಳೆಯಷ್ಟು ದಪ್ಪ. ಹೆಡ್‌ಸೆಟ್ಟಿನ ಮಟ್ಟಿಗೆ ಅದು ಹೆಬ್ಬಾಗಿಲು.

ಅಗಲ ಸರಿಯಾದರೂ ಕೋನ ತಪ್ಪಬಹುದು. ಕಾರ್ಟ್ರಿಜ್ ಬೇರಿಂಗಿನ (ಬಾಲ್‌ಗಳು ಒಳಗೇ ಮುಚ್ಚಿರುವ ಇಡೀ ಬಳೆಯ) ಅಂಚುಗಳು ಒಳಗೂ ಹೊರಗೂ ಓರೆಯಾಗಿರುತ್ತವೆ. ಬೇರಿಂಗಿನ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ 36×45 ಅಥವಾ 45×45 ಅಂತ ಕೆತ್ತಿರುತ್ತಾರೆ. ತುಕ್ಕನ್ನು ಬಟ್ಟೆಯಿಂದ ಒರೆಸಿ, ಮೊಬೈಲ್ ಟಾರ್ಚ್ ಹಾಕಿ ಹುಡುಕಿ. ಕೋನ ಬೇರೆಯಾದರೆ ಬೇರಿಂಗ್ ಕೂತ ಹಾಗೆ ಕಂಡರೂ ಬರೀ ಒಂದು ಗೆರೆಯ ಮೇಲೆ ನಿಂತಿರುತ್ತದೆ. ಕೆಲವೇ ದಿನದಲ್ಲಿ ಮತ್ತೆ 'ಟಕ್'. ಒಳ ಅಗಲ, ಹೊರ ಅಗಲ, ಎತ್ತರ, ಎರಡು ಕೋನ: ಈ ಐದೂ ಕೂಡಿಬಂದರೆ ಯಾವ ಕಂಪನಿಯದಾದರೂ ಪರವಾಗಿಲ್ಲ.

ಥ್ರೆಡ್ ಇರುವ 1 ಇಂಚಿನದರಲ್ಲಿ ಇನ್ನೊಂದು ಬಲೆ ಇದೆ. ಐಎಸ್ಒ ಅಳತೆಯಲ್ಲಿ ಕಪ್ 30.2, ಕ್ರೌನ್ ರೇಸ್ 26.4. ಜಪಾನಿನ ಜೆಐಎಸ್ ಅಳತೆಯಲ್ಲಿ ಕಪ್ 30.0, ಕ್ರೌನ್ ರೇಸ್ 27.0. ಕಣ್ಣಿಗೆ ಎರಡೂ ಒಂದೇ. 27ರ ಜಾಗಕ್ಕೆ 26.4ರ ಬಳೆ ಇಳಿಯುವುದಿಲ್ಲ, 26.4ರ ಜಾಗಕ್ಕೆ 27ರದ್ದು ನಿಲ್ಲುವುದಿಲ್ಲ. ಜೊತೆಗೆ ಹೊಸ ಹೆಡ್‌ಸೆಟ್ಟಿನ ಒಟ್ಟು ಎತ್ತರ ಹಳೆಯದಕ್ಕಿಂತ ಜಾಸ್ತಿಯಿದ್ದರೆ ಮೇಲಿನ ಲಾಕ್ ನಟ್ಟಿಗೆ ಹಿಡಿಯಲು ಥ್ರೆಡ್ಡೇ ಉಳಿಯುವುದಿಲ್ಲ. ಹಳೆಯದನ್ನು ಬಿಚ್ಚಿ ಅಂಗಡಿಗೆ ತೆಗೆದುಕೊಂಡು ಹೋಗುವುದೇ ಜಾಣತನ.

ಬಿಚ್ಚುವುದು: ಥ್ರೆಡ್‌ಲೆಸ್

4, 5, 6ರ ಅಲೆನ್ ಕೀ, ಗ್ರೀಸ್, ಹಳೇ ಬನಿಯನ್ ಬಟ್ಟೆ, ಒಂದು ಟ್ರೇ. ಇಷ್ಟು ಸಾಕು.

ಮುಂದಿನ ಚಕ್ರ ತೆಗೆಯಿರಿ. ಬ್ರೇಕ್ ಕ್ಯಾಲಿಪರ್ ಫೋರ್ಕಿನ ಮೇಲಿದ್ದರೆ ಅದನ್ನೂ ಬಿಚ್ಚಿ ಪಕ್ಕಕ್ಕೆ ಕಟ್ಟಿ. ತಲೆಯ ಮುಚ್ಚಳದ ಬೋಲ್ಟ್ ಪೂರ್ತಿ ತೆಗೆಯಿರಿ. ಈಗ ಒಂದು ಕೈ ಫೋರ್ಕಿನ ಮೇಲೆ ಇರಲಿ. ಸ್ಟೆಮ್ಮಿನ ಪಕ್ಕದ ಬೋಲ್ಟ್ ಸಡಿಲವಾದ ಮೇಲೆ ಫೋರ್ಕನ್ನು ಹಿಡಿದಿಡಲು ಏನೂ ಇರುವುದಿಲ್ಲ. ಕೆಲವೊಮ್ಮೆ ತಟ್ಟನೆ ಕಾಲಿನ ಮೇಲೇ ಬೀಳುತ್ತದೆ. ಸ್ಟೆಮ್ ಮತ್ತು ಹ್ಯಾಂಡಲ್ಲನ್ನು ಕೇಬಲ್ ಸಮೇತ ಮೇಲಿನ ಟ್ಯೂಬಿಗೆ ನೇತುಹಾಕಿ.

ಫೋರ್ಕ್ ಬೀಳದೆ ಹಟ ಹಿಡಿದರೆ ಮೇಲಿನ ಬೇರಿಂಗಿನ ಒಳಗೆ ಸೀಳಿರುವ ಒಂದು ಬಳೆ ಕಚ್ಚಿಕೊಂಡಿದೆ ಅಂತ ಅರ್ಥ. ಸ್ಟೀರರ್ ತುದಿಗೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟಿ. ಬಂದ ಭಾಗಗಳನ್ನು ಬಂದ ಕ್ರಮದಲ್ಲೇ, ಬಂದ ಮುಖ ಮೇಲಾಗಿ, ಒಂದು ತಂತಿಗೆ ಪೋಣಿಸಿ. ಫೋಟೋ ತೆಗೆದುಕೊಳ್ಳಿ ಅನ್ನುತ್ತಾರೆ. ನಾನು ತೆಗೆದುಕೊಂಡಿದ್ದೆ. ಫೋಟೋದಲ್ಲಿ ಎಲ್ಲವೂ ಕಪ್ಪು ಬಳೆಗಳೇ, ಯಾವುದು ತಲೆಕೆಳಗು ಅಂತ ತಿಳಿಯಲಿಲ್ಲ. ತಂತಿ ಸುಳ್ಳು ಹೇಳುವುದಿಲ್ಲ.

ಬೇರಿಂಗನ್ನು ಒರೆಸಿ, ಎರಡು ಬೆರಳಲ್ಲಿ ಒಳ ಬಳೆ ತಿರುಗಿಸಿ. ಬೆಣ್ಣೆಯಂತೆ ತಿರುಗಿದರೆ ಉಳಿಸಿಕೊಳ್ಳಿ. ಸ್ವಲ್ಪ ಒಣಗಿದ ಹಾಗಿದ್ದರೆ ರಬ್ಬರ್ ಸೀಲನ್ನು ಬ್ಲೇಡಿನ ತುದಿಯಿಂದ ಎಬ್ಬಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಸ ಗ್ರೀಸ್ ತುಂಬಬಹುದು. ಗರಗರ ಅಂದರೆ ಯೋಚನೆ ಬೇಡ, ಹೊಸದು ತನ್ನಿ. ಕಪ್ ಗಟ್ಟಿಯಾಗಿದ್ದು ಬೇರಿಂಗ್ ಮಾತ್ರ ಹೋಗಿದ್ದರೆ ನಿಮ್ಮ ಬಿಚ್ಚುವ ಕೆಲಸ ಇಲ್ಲಿಗೆ ಮುಗಿಯಿತು. ನೇರ ಜೋಡಣೆಗೆ ಹಾರಿ.

ಕಪ್ ಮತ್ತು ಕ್ರೌನ್ ರೇಸ್ ತೆಗೆಯಲೇಬೇಕಾದಾಗ

ಕಪ್ ಸೀಳಿದ್ದರೆ, ಬೇರಿಂಗ್ ಕೂರುವ ಜಾಗ ಸವೆದಿದ್ದರೆ, ಅಥವಾ ಬೇರೆ ಅಳತೆಯ ಫೋರ್ಕ್ ಹಾಕುವುದಿದ್ದರೆ ಮಾತ್ರ ಇದು. ಫ್ರೇಮ್ ಕಾರ್ಬನ್ ಆದರೆ ದಯವಿಟ್ಟು ಶಾಪಿಗೆ ಕೊಡಿ. ಅಲ್ಲಿ ಸುತ್ತಿಗೆಗೆ ಜಾಗವೇ ಇಲ್ಲ.

ಕಪ್ ತೆಗೆಯುವ ಉಪಕರಣ ಅಂದರೆ ಒಂದು ತುದಿ ನಾಲ್ಕು ಸೀಳಾಗಿ ಅರಳಿರುವ ಉಕ್ಕಿನ ಕೊಳವೆ. ಸುಮಾರು ಒಂದಡಿ ಉದ್ದದ ಹಳೇ ಉಕ್ಕಿನ ಪೈಪಿಗೆ ಹ್ಯಾಕ್ಸಾ ಬ್ಲೇಡಿನಲ್ಲಿ ನಾಲ್ಕು ಸೀಳು ಹಾಕಿ, ತುದಿ ಸ್ವಲ್ಪ ಅರಳಿಸಿದರೆ ಮನೆಯಲ್ಲೇ ತಯಾರು. ಸೀಳಿಲ್ಲದ ತುದಿಯನ್ನು ಮುಂದೆ ಮಾಡಿ, ತೆಗೆಯಬೇಕಾದ ಕಪ್ಪಿನ ಕಡೆಯಿಂದ ತೂರಿಸಿ, ಆಚೆ ತುದಿಯಿಂದ ಎಳೆಯಿರಿ. ಸೀಳುಗಳು 'ಚಟ್' ಅಂತ ಅರಳಿ ಕಪ್ಪಿನ ಒಳ ಅಂಚಿಗೆ ಆತುಕೊಳ್ಳುತ್ತವೆ. ಆಚೆ ತುದಿಗೆ ಸುತ್ತಿಗೆಯಿಂದ ಹೊಡೆದರೆ ಕಪ್ ಇಡಿಯಾಗಿ, ನೇರವಾಗಿ ಹೊರಬರುತ್ತದೆ. ಉದ್ದ ಸ್ಕ್ರೂಡ್ರೈವರ್ ಇಟ್ಟು ಹೊಡೆದರೂ ಬರುತ್ತದೆ. ಆದರೆ ಒಂದೇ ಕಡೆ ಹೊಡೆಯಬೇಡಿ. ಗಡಿಯಾರದ 12, ಆಮೇಲೆ 6, ಆಮೇಲೆ 3, 9, ಹೀಗೆ ಸುತ್ತುತ್ತಾ ಹೋಗಿ. ಓರೆಯಾಗಿ ಹೊರಟ ಕಪ್ ಹೆಡ್ ಟ್ಯೂಬನ್ನು ಮೊಟ್ಟೆಯ ಆಕಾರಕ್ಕೆ ಎಳೆಯುತ್ತದೆ. ಆಮೇಲೆ ಯಾವ ಕಪ್ಪೂ ಅಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ.

ಕ್ರೌನ್ ರೇಸಿಗೆ ಒಂದು ಸೀಳು ಇದ್ದರೆ ಉಗುರಿನಲ್ಲೇ ಬರುತ್ತದೆ. ಇಲ್ಲದಿದ್ದರೆ ಫೋರ್ಕನ್ನು ತಲೆಕೆಳಗು ಮಾಡಿ, ಬಳೆಯ ಕೆಳಗಿನ ಸಂದಿಗೆ ಹಳೇ ಉಳಿ ಇಟ್ಟು ಎಡ ಬಲ ಬದಲಿಸುತ್ತಾ ತಟ್ಟಿ.

ಕೂರಿಸುವುದು

ಕಪ್ಪಿನ ಹೊರ ಅಗಲ ರಂಧ್ರಕ್ಕಿಂತ ಸುಮಾರು 0.1ರಿಂದ 0.2 ಮಿ.ಮೀ. ಜಾಸ್ತಿ ಇರಬೇಕು. ಕೈಯಲ್ಲೇ ಜಾರಿ ಹೋದರೆ ತಪ್ಪು ಕಪ್, ಅಥವಾ ಫ್ರೇಮ್ ಸವೆದಿದೆ. ತಗಡಿನ ಚೂರು ತುರುಕಿ ಸರಿ ಮಾಡುವವರನ್ನು ನೋಡಿದ್ದೇನೆ. ನಾಲ್ಕು ದಿನ ನಡೆಯುತ್ತದೆ ಅಷ್ಟೇ.

ಕಪ್ ಒತ್ತುವ ಪ್ರೆಸ್ ಕೊಳ್ಳುವ ಅಗತ್ಯವಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ12 ಥ್ರೆಡ್ ರಾಡ್ ಸುಮಾರು 300 ಮಿ.ಮೀ., ಎರಡು ನಟ್, ಕಪ್ಪಿನ ಅಂಚನ್ನು ಪೂರ್ತಿ ಮುಚ್ಚುವಷ್ಟು ಅಗಲದ ದಪ್ಪ ವಾಷರ್‌ಗಳು ಕೇಳಿ. ಬೆಂಗಳೂರಿನವರಿಗೆ ಸಿಟಿ ಮಾರ್ಕೆಟ್ ಹತ್ತಿರದ ಎಸ್‌ಜೆಪಿ ರಸ್ತೆಯಲ್ಲಿ ಒಂದೇ ಸುತ್ತಿನಲ್ಲಿ ಎಲ್ಲ ಸಿಗುತ್ತದೆ.

ಹೆಡ್ ಟ್ಯೂಬಿನ ಬಾಯಿ ಒರೆಸಿ, ಒಳಗೆ ತೆಳ್ಳಗೆ ಗ್ರೀಸ್ ಸವರಿ. ಕಪ್ಪಿನಿಂದ ಬೇರಿಂಗ್ ಹೊರಗೆ ತೆಗೆದಿಡಿ. ಬೇರಿಂಗಿನ ಮೇಲೆ ಒತ್ತಡ ಬಿದ್ದರೆ ಹೊಸದಾಗಿದ್ದಾಗಲೇ ಅದರ ಕಥೆ ಮುಗಿಯಿತು. ಒಂದು ಸಲಕ್ಕೆ ಒಂದೇ ಕಪ್. ಬೆರಳಲ್ಲಿ ನೇರಕ್ಕೆ ನಿಲ್ಲಿಸಿ, ರಾಡ್ ತೂರಿಸಿ, ಎರಡೂ ಕಡೆ ವಾಷರ್, ನಟ್. ಒಂದು ನಟ್ ಹಿಡಿದು ಇನ್ನೊಂದನ್ನು ಕಾಲು ಸುತ್ತು ತಿರುಗಿಸಿ, ನಿಲ್ಲಿಸಿ, ಸುತ್ತಲೂ ಕಣ್ಣು ಹಾಯಿಸಿ. ಒಂದು ಕಡೆ ಸಂದಿ ಜಾಸ್ತಿ ಕಂಡರೆ ಅಲ್ಲಿಗೇ ತೆಗೆದು ಮತ್ತೆ ಶುರು ಮಾಡಿ. ಅರ್ಧ ಹೋದಮೇಲೆ ನೇರವಾಗುತ್ತದೆ ಅನ್ನುವ ಆಸೆ ಬೇಡ. ಪೂರ್ತಿ ಕೂತಾಗ ನಟ್ ಒಮ್ಮೆಲೇ ಭಾರವಾಗುತ್ತದೆ. ಕಪ್ ಮತ್ತು ಫ್ರೇಮಿನ ನಡುವೆ ಬೆಳಕು ಕಾಣಬಾರದು.

ಕ್ರೌನ್ ರೇಸಿಗೆ ಸ್ಟೀರರಿನ ಮೇಲಿಂದ ಇಳಿಯುವ, ಬಳೆಯ ಒಳ ಅಂಚಿಗೆ ಮಾತ್ರ ಆನುವ ಪೈಪ್ ಬೇಕು. ಬಾಲ್ ಅಥವಾ ಬೇರಿಂಗ್ ಕೂರುವ ಓರೆ ಮುಖಕ್ಕೆ ಪೈಪ್ ತಗುಲಬಾರದು. ಹೊಡೆಯುತ್ತಾ ಹೋದಂತೆ ಸದ್ದು ಬದಲಾಗುತ್ತದೆ. ಮಂಕಾದ 'ಡಬ್ ಡಬ್' ಹೋಗಿ ಗಟ್ಟಿಯಾದ 'ಠಣ್' ಬಂದರೆ ಕೂತಿತು.

ಈಗ ಫೋರ್ಕನ್ನು ಬೇರಿಂಗ್ ಸಮೇತ ತೂರಿಸಿ, ತಂತಿಯ ಕ್ರಮದಲ್ಲಿ ಎಲ್ಲವನ್ನೂ ಹಾಕಿ, ಸ್ಟೆಮ್ ಇಟ್ಟು ಒಮ್ಮೆ ಮೇಲಿನಿಂದ ಇಣುಕಿ. ಸ್ಟೀರರಿನ ತುದಿ ಸ್ಟೆಮ್ಮಿನ ಅಥವಾ ಅದರ ಮೇಲಿನ ಸ್ಪೇಸರಿನ (ಎತ್ತರ ಹೊಂದಿಸುವ ಬಳೆಯ) ತುದಿಗಿಂತ ಸುಮಾರು 3 ಮಿ.ಮೀ. ಕೆಳಗಿರಬೇಕು. ಸಮಕ್ಕೆ ಇದ್ದರೆ ಮುಚ್ಚಳ ಒತ್ತುವುದು ಸ್ಟೀರರನ್ನೇ, ಬೇರಿಂಗನ್ನಲ್ಲ. ಎಷ್ಟು ಬಿಗಿದರೂ ಆಟ ಹೋಗದ ಸೈಕಲ್ಲುಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ. ಮೇಲೆ ಒಂದು ತೆಳು ಸ್ಪೇಸರ್ ಸೇರಿಸಿದರೆ ಮುಗಿಯಿತು.

ಬಿಗಿಯುವ ಕ್ರಮದಲ್ಲೇ ಹೆಚ್ಚಿನವರು ಎಡವುವುದು. ಮುಚ್ಚಳದ ಬೋಲ್ಟ್ ಹ್ಯಾಂಡಲ್ಲನ್ನು ಹಿಡಿಯುವುದಿಲ್ಲ. ಅದು ಬೇರಿಂಗಿನ ಆಟವನ್ನು ಹೀರುತ್ತದೆ, ಅಷ್ಟೇ ಅದರ ಕೆಲಸ. ಹಿಡಿಯುವುದು ಸ್ಟೆಮ್ಮಿನ ಪಕ್ಕದ ಬೋಲ್ಟ್‌ಗಳು. ಆದ್ದರಿಂದ ಪಕ್ಕದವು ಸಡಿಲ ಇರುವಾಗಲೇ ಮುಚ್ಚಳದ ಬೋಲ್ಟನ್ನು ಸ್ವಲ್ಪ ಸ್ವಲ್ಪ ಬಿಗಿದು, ಪ್ರತಿ ಸಲ ಹ್ಯಾಂಡಲ್ ತಿರುಗಿಸಿ ನೋಡಿ. ಆಟ ಹೋಗಿರಬೇಕು, ತಿರುಗುವುದು ಭಾರವಾಗಿರಬಾರದು. ಅಲ್ಲಿ ನಿಲ್ಲಿಸಿ. ಚಕ್ರ ಹಾಕಿ, ಹ್ಯಾಂಡಲ್ ನೇರ ಮಾಡಿ, ಆಮೇಲೆ ಪಕ್ಕದ ಬೋಲ್ಟ್‌ಗಳನ್ನು ಒಂದಾದ ಮೇಲೊಂದು, ಸರದಿಯಲ್ಲಿ ಬಿಗಿಯಿರಿ. ಎಷ್ಟು ಅನ್ನುವುದು ಸ್ಟೆಮ್ ಮೇಲೇ ಅಚ್ಚಾಗಿರುತ್ತದೆ, ಸಾಮಾನ್ಯವಾಗಿ 5 ಅಥವಾ 6 ನ್ಯೂಟನ್ ಮೀಟರ್. ಸ್ಟೀರರ್ ಕಾರ್ಬನ್ ಆದರೆ, ಮುಚ್ಚಳದ ಬೋಲ್ಟ್ ಕಚ್ಚಿಕೊಳ್ಳಲೆಂದು ಒಳಗೆ ಹೊಡೆದು ಕೂರಿಸುವ ಸ್ಟಾರ್ ನಟ್ ಹಾಕಲೇಬಾರದು, ಅರಳುವ ಪ್ಲಗ್ ಹಾಕಬೇಕು. ಲೋಹದ್ದಾದರೆ ಸ್ಟಾರ್ ನಟ್ ತುದಿಯಿಂದ ಸುಮಾರು 15 ಮಿ.ಮೀ. ಕೆಳಗೆ.

ಹಳೇ ರೋಡ್‌ಸ್ಟರ್, ಬಿಡಿ ಬಾಲ್‌ಗಳು

ಅಜ್ಜನ ಕಾಲದ ಸೈಕಲ್ಲು ಮನೆಯಲ್ಲಿದ್ದರೆ ಈ ಭಾಗ ನಿಮಗೆ. ಕೆಲಸ ಶುರು ಮಾಡುವ ಮುಂಚೆ ಕೆಳಗೆ ಹಳೇ ಬೆಡ್‌ಶೀಟ್ ಹಾಸಿ. ನಾನು ಸಿಮೆಂಟಿನ ಅಂಗಳದಲ್ಲಿ ಬಿಚ್ಚಿದೆ. ಫೋರ್ಕ್ ಒಂದು ಇಂಚು ಇಳಿದದ್ದೇ ತಡ, ಬಾಲ್‌ಗಳು ತುಳಸಿಕಟ್ಟೆಯ ಸುತ್ತ ಪ್ರದಕ್ಷಿಣೆ ಹೊರಟವು.

ರಾಡ್ ಬ್ರೇಕ್ ಇದ್ದರೆ ಮುಂದಿನ ರಾಡಿನ ಕೊಂಡಿ ಮೊದಲು ಬಿಚ್ಚಿ. ಹ್ಯಾಂಡಲ್ ಕಂಬದ ಮೇಲಿನ ಬೋಲ್ಟನ್ನು ನಾಲ್ಕೈದು ಸುತ್ತು ಸಡಿಲಿಸಿ, ಪೂರ್ತಿ ತೆಗೆಯಬೇಡಿ. ಬೋಲ್ಟ್ ತಲೆಗೆ ಮರದ ತುಂಡಿಟ್ಟು ಒಂದೇಟು. ಒಳಗಿನ ಬೆಣೆ ಕೆಳಗೆ ಜಾರುತ್ತದೆ. ಚಕ್ರವನ್ನು ಮೊಣಕಾಲಿನ ನಡುವೆ ಹಿಡಿದು ಹ್ಯಾಂಡಲ್ ತಿರುಚುತ್ತಾ ಮೇಲೆತ್ತಿ. ಆಮೇಲೆ ಚಕ್ರ ತೆಗೆದು, ದೊಡ್ಡ ಲಾಕ್ ನಟ್ ಬಿಚ್ಚಿ. ಸಾಮಾನ್ಯವಾಗಿ 32ರ ಸ್ಪ್ಯಾನರ್, ಕೆಲವಕ್ಕೆ 30. ಅದರ ಕೆಳಗೆ ವಾಷರ್, ಲೈಟಿನ ಕ್ಲಿಪ್. ಸೈಕಲ್ಲನ್ನು ಪಕ್ಕಕ್ಕೆ ಮಲಗಿಸಿ, ಫೋರ್ಕನ್ನು ಕೈಯಲ್ಲಿ ಒತ್ತಿ ಹಿಡಿದು ಮೇಲಿನ ತಿರುಗುವ ಕಪ್ ಬಿಚ್ಚಿ.

ಬಾಲ್‌ಗಳನ್ನು ಎಣಿಸಿ, ಅಳೆಯಿರಿ. ಕ್ಯಾಲಿಪರ್ 3.97 ತೋರಿಸಿದರೆ 5/32 ಇಂಚು, 4.76 ಆದರೆ 3/16. ಎರಡನ್ನೂ ಬೆರೆಸಬೇಡಿ. ಹಳೆಯದರ ಜೊತೆ ಹೊಸದನ್ನೂ ಬೆರೆಸಬೇಡಿ. ಒಂದು ಕಳೆದುಹೋದರೂ ಪೂರ್ತಿ ಸೆಟ್ ಬದಲಿಸಿ. ಕಪ್ಪಿಗೆ ಧಾರಾಳವಾಗಿ ಗ್ರೀಸ್ ಮೆತ್ತಿ, ಬಾಲ್‌ಗಳನ್ನು ಒಂದೊಂದಾಗಿ ಅದರಲ್ಲಿ ಅಂಟಿಸಿ. ಸುತ್ತು ತುಂಬಿದ ಮೇಲೆ ಒಂದನ್ನು ತೆಗೆದುಬಿಡಿ. ಉಸಿರಾಡುವಷ್ಟು ಜಾಗ ಇರಲಿ. ಬಾಲ್‌ಗಳು ಬಳೆಯಲ್ಲಿ ಸಿಕ್ಕಿಸಿದವಾದರೆ ಇಟ್ಟು ಒತ್ತಿ ತಿರುಗಿಸಿ ನೋಡಿ. ಬಳೆಯ ತಗಡು ಕೆರೆದ ಸದ್ದು ಬಂದರೆ ಉಲ್ಟಾ ಇಟ್ಟಿದ್ದೀರಿ.

ಕಪ್ಪಿನಲ್ಲಿ ತಗ್ಗು ಬಿದ್ದಿದ್ದು, ಹೊಸದು ಸಿಗುತ್ತಿಲ್ಲ ಅಂದರೆ ಒಂದು ಹಳೇ ಉಪಾಯ ಇದೆ: ಬಳೆಯನ್ನು ಬಿಟ್ಟು ಬಿಡಿ ಬಾಲ್‌ಗಳನ್ನೇ ತುಂಬಿ. ಬಾಲ್‌ಗಳ ಸಂಖ್ಯೆ ಬದಲಾಗುವುದರಿಂದ ಎಲ್ಲವೂ ಒಟ್ಟಿಗೆ ತಗ್ಗಿನೊಳಗೆ ಬೀಳುವುದಿಲ್ಲ.

ಮೇಲಿನ ಕಪ್ಪನ್ನು ಕೈಯಲ್ಲೇ ಬಿಗಿದು, ಒಂದು ಚೂರು ಹಿಂದಕ್ಕೆ ತಿರುಗಿಸಿ. ಅದನ್ನು ಒಂದು ಸ್ಪ್ಯಾನರಿನಲ್ಲಿ ಅಲುಗದಂತೆ ಹಿಡಿದು, ಇನ್ನೊಂದರಿಂದ ಲಾಕ್ ನಟ್ ಗಟ್ಟಿಯಾಗಿ ಬಿಗಿಯಿರಿ. ಬಿಗಿದಾಗ ಹೊಂದಾಣಿಕೆ ಬದಲಾಗುತ್ತದೆ. ಮೂರು ನಾಲ್ಕು ಸಲ ಬಿಚ್ಚಿ ಮಾಡಬೇಕಾದೀತು, ಅದು ನಿಮ್ಮ ತಪ್ಪಲ್ಲ. ಕೊನೆಗೆ ಹ್ಯಾಂಡಲ್ ಕಂಬ ಇಳಿಸುವಾಗ ಅದರ ಮೇಲಿನ ಕನಿಷ್ಠ ಆಳದ ಗೆರೆ ಹೊರಗೆ ಕಾಣಬಾರದು. ಕಂಬಕ್ಕೂ ಗ್ರೀಸ್ ಹಚ್ಚಿ, ಇಲ್ಲದಿದ್ದರೆ ಮುಂದಿನ ಸಲ ಅದು ಹೊರಬರುವುದಿಲ್ಲ.

ಹೊಸದಾಗಿ ಕೂತ ಭಾಗಗಳು ಮೊದಲ ಕೆಲವು ಸವಾರಿಗಳಲ್ಲಿ ಇನ್ನಷ್ಟು ಒಳಗೆ ಕೂರುತ್ತವೆ. ಒಂದು ಮೂವತ್ತು ನಲವತ್ತು ಕಿಲೋಮೀಟರ್ ಓಡಿಸಿದ ಮೇಲೆ ಬ್ರೇಕ್ ಹಿಡಿದು, ಬೆರಳಿಟ್ಟು ಮತ್ತೊಮ್ಮೆ ಅಲ್ಲಾಡಿಸಿ ನೋಡಿ. ಸ್ವಲ್ಪ ಆಟ ಬಂದಿದ್ದರೆ ಗಾಬರಿ ಬೇಡ, ಹೊಂದಾಣಿಕೆ ಇನ್ನೊಮ್ಮೆ ಮಾಡಿ. ಬೇರಿಂಗಿನ ಅಳತೆಗಳನ್ನು ಒಂದು ಚೂರು ಟೇಪಿನ ಮೇಲೆ ಬರೆದು ಸೀಟಿನ ಅಡಿಗೆ ಅಂಟಿಸಿ. ನನ್ನ ಸೀಟಿನಡಿ ಈಗ '41.8, 45×45' ಅಂತ ಇದೆ. 41ರ ಆ ಬೇರಿಂಗ್ ಮೇಜಿನ ಮೇಲೆ ಪೇಪರ್ ಹಾರದಂತೆ ಇಡಲು ಬಂದಿದೆ.